ಒಂದೇ ಹುರುಪೆ, ಮೂರು ಹವೆ: ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳ ಕೆಂಪು ಶಲ್ಕ ಕೀಟ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದಂಚಿನ ತೋಟಕ್ಕೂ ಒಳನಾಡಿನ ರಿವರ್‌ಸೈಡ್‌ನ ತೋಟಕ್ಕೂ ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ಉಡುಪಿಯಿಂದ ಆಗುಂಬೆ ಘಾಟಿ ಹತ್ತಿ ಶೃಂಗೇರಿ ಸೇರುವಷ್ಟು ದೂರ, ಅಷ್ಟೇ. ಎರಡೂ ಕಡೆ ಅದೇ ಕಿತ್ತಳೆ, ಅದೇ ನಿಂಬೆ, ಅದೇ ಕೆಂಪು ಶಲ್ಕ ಕೀಟ. ಇದು ಚಿಪ್ಪಿನಡಿ ಕೂತು ಗಿಡದ ರಸ ಹೀರುವ ಪುಟ್ಟ ಹುಳ; ಮುಂದೆ ಹುರುಪೆ ಎಂದಿರುವುದೂ ಇದನ್ನೇ. ಆದರೂ 1950ರ ದಶಕದಲ್ಲಿ ಕರಾವಳಿ ತೋಟಗಳಲ್ಲಿ ಈ ಕೀಟವನ್ನು ಹತೋಟಿಗೆ ತಂದ ಕಣಜದ ಹುಳ ಒಳನಾಡಿಗೆ ಹೋದಾಗ ಕೈಚೆಲ್ಲಿತು. ಅದೇ ರಾಜ್ಯದ ನಡುಭಾಗದ ಸ್ಯಾನ್ ಹೊಕೀನ್ ಕಣಿವೆಯಲ್ಲಿ ಕಥೆ ಇನ್ನೂ ಬೇರೆ. ಹವೆ ಶಲ್ಕ ಕೀಟವನ್ನು ಹೇಗೆ ಏರಿಸುತ್ತದೆ, ಇಳಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಚೆನ್ನಾಗಿ ದಾಖಲಾದ ಪ್ರಕರಣಗಳು ಕಡಿಮೆ. ಇದರಲ್ಲಿ ನಮ್ಮ ನೆಲದ ಪಾಲೂ ಇದೆ. ಕೊನೆಗೆ ಒಳನಾಡಿನಲ್ಲಿ ಗೆದ್ದ ಕಣಜ ಹೋದದ್ದು ಭಾರತ ಮತ್ತು ಪಾಕಿಸ್ತಾನದಿಂದ.

ಬಿಸಿಲು ಹೆಚ್ಚಾದರೆ ಹುಳ ಹೆಚ್ಚು, ಮಳೆ ಬಂದರೆ ಹುಳ ಕಡಿಮೆ ಎಂಬ ಲೆಕ್ಕ ರೈತರಲ್ಲಿ ಬಳಕೆಯಲ್ಲಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಹವೆಯ ದೊಡ್ಡ ಹೊಡೆತ ಬೀಳುವುದು ಹುರುಪೆಯನ್ನು ತಿನ್ನುವ ಜೀವಿಗಳ ಮೇಲೆ. ಹುರುಪೆ ತನ್ನ ಚಿಪ್ಪಿನಡಿ ಬೆಚ್ಚಗೆ ಕೂತಿರುತ್ತದೆ, ಒಂದು ಮಿಲಿಮೀಟರಿನ ಕಣಜ ಬಯಲಿನಲ್ಲಿ ಓಡಾಡಬೇಕು.

ಕೀಟದ ಒಡಲು

ಕೆಂಪು ಶಲ್ಕ ಕೀಟದ ವೈಜ್ಞಾನಿಕ ಹೆಸರು ಅಯೋನಿಡಿಯೆಲ್ಲ ಔರಾಂಟಿಯೈ. 1870ರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಸಸಿಗಳ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂತು. ಇದು ಮೊಟ್ಟೆ ಹೊರಗಿಡುವುದಿಲ್ಲ, ನೇರ ಮರಿ ಹಾಕುತ್ತದೆ. ಒಂದು ಹೆಣ್ಣು ದಿನಕ್ಕೆ ಎರಡು ಮೂರರಂತೆ ಆರರಿಂದ ಎಂಟು ವಾರ, ಒಟ್ಟು 100ರಿಂದ 150 ಮರಿ ಹಾಕುತ್ತದೆ. ಹಳದಿ ಬಣ್ಣದ ಈ ಮರಿಗಳಿಗೆ ಕಾಲಿರುವುದು ಆರಂಭದ ಹೊತ್ತಿನಲ್ಲಿ ಮಾತ್ರ. ಸ್ವಲ್ಪ ತೆವಳಿ, ಎಲೆಯ ನರದ ಪಕ್ಕವೋ ಕಡ್ಡಿಯ ತಗ್ಗಿನಲ್ಲೋ ಹಣ್ಣಿನ ತೊಟ್ಟಿನ ಬುಡದಲ್ಲೋ ಸೂಜಿಯಂಥ ಬಾಯಿ ಚುಚ್ಚಿ ಕೂತರೆ ಮುಗಿಯಿತು. ಹೆಣ್ಣು ಸಾಯುವವರೆಗೂ ಅಲ್ಲೇ. ಒಂದು ಮರದಿಂದ ಇನ್ನೊಂದಕ್ಕೆ ಮರಿಗಳು ಹೋಗುವುದು ಗಾಳಿಯಲ್ಲಿ, ಹಕ್ಕಿಯ ಕಾಲಲ್ಲಿ, ಹಣ್ಣು ಕೀಳುವವರ ಬಟ್ಟೆಯಲ್ಲಿ.

ಕೂತ ಮರಿಯ ಮೇಲೆ ಮೊದಲು ಬಿಳಿ ಮೇಣದ ಟೋಪಿ ಬರುತ್ತದೆ. ಆಮೇಲೆ ಎರಡು ಸಲ ಪೊರೆ ಬಿಟ್ಟು, ಮೂರನೆಯ ಹಂತದಲ್ಲಿ ಗಂಡಿಗಾಗಿ ಕಾಯುತ್ತದೆ. ಗಂಡಿಗೆ ರೆಕ್ಕೆ ಉಂಟು, ಬಾಯಿ ಇಲ್ಲ, ಆಯುಸ್ಸು ಕೆಲವೇ ಗಂಟೆ. ಹೆಣ್ಣು ಬಿಡುವ ವಾಸನೆ ಹಿಡಿದು ಸಂಜೆ ಹೊತ್ತಿನಲ್ಲಿ ಹಾರಿ ಬರುತ್ತದೆ.

ಇಡೀ ಪ್ರಕರಣ ನಿಂತಿರುವುದು ಮುಂದಿನ ಒಂದು ವಿವರದ ಮೇಲೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದು, ಗುಂಡುಸೂಜಿಯ ಮೊನೆಯಿಂದ ಚಿಪ್ಪಿನ ಅಂಚನ್ನು ಎತ್ತಿ ನೋಡಿ. ಎರಡನೆಯ ಹಂತದಲ್ಲಿ, ಮತ್ತು ಇನ್ನೂ ಗಂಡಿನ ಜೊತೆ ಕೂಡದ ಮೂರನೆಯ ಹಂತದಲ್ಲಿ ಚಿಪ್ಪು ಡಬ್ಬಿಯ ಮುಚ್ಚಳದಂತೆ ಬೇರೆಯಾಗಿ ಬರುತ್ತದೆ, ಕೆಳಗೆ ಕಿತ್ತಳೆ ಬಣ್ಣದ ಮೆತ್ತನೆ ಮೈ ಉಳಿಯುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ, ಹಾಗೂ ಗಂಡಿನ ಜೊತೆ ಕೂಡಿದ ಮೇಲೆ, ಚಿಪ್ಪು ಮೈಗೆ ಅಂಟಿಕೊಂಡುಬಿಡುತ್ತದೆ. ಎತ್ತಿದರೆ ಹುಳವೇ ಎದ್ದು ಬರುತ್ತದೆ. ಈ ಹುರುಪೆಯನ್ನು ತಿನ್ನುವ ಕಣಜಗಳ ಕುಲದ ಹೆಸರು ಅಫೈಟಿಸ್. ಅದು ಮೊಟ್ಟೆ ಇಡುವುದು ಚಿಪ್ಪಿಗೂ ಮೈಗೂ ನಡುವಿನ ಸಂದಿನಲ್ಲಿ; ಮೊಟ್ಟೆಯೊಡೆದ ಮರಿ ಹುರುಪೆಯನ್ನು ತಿಂದು ಬೆಳೆಯುತ್ತದೆ. ಸಂದು ಇಲ್ಲದ ಹೊತ್ತಿನಲ್ಲಿ ಹುರುಪೆ ಅದಕ್ಕೆ ಸಿಗುವುದಿಲ್ಲ. ಕಣಜಕ್ಕೆ ಬಾಗಿಲು ತೆರೆದಿರುವುದು ಆ ಕೆಲವು ದಿನ ಮಾತ್ರ, ಆ ದಿನಗಳನ್ನು ಹಿಗ್ಗಿಸುವುದು ಕುಗ್ಗಿಸುವುದು ಉಷ್ಣಾಂಶ.

ಮೂರು ಕಣಜಗಳು

ಮೊದಮೊದಲು ಅಲ್ಲಿನ ಬೆಳೆಗಾರರು ಮರಕ್ಕೆ ಡೇರೆ ಹೊದೆಸಿ ಹೈಡ್ರೋಜನ್ ಸಯನೈಡ್ ಅನಿಲ ಬಿಡುತ್ತಿದ್ದರು. 1910ರ ದಶಕದಲ್ಲೇ ಕೊರೋನಾ ಊರಿನ ಸುತ್ತ ಅನಿಲಕ್ಕೂ ಬಗ್ಗದ ಕೆಂಪು ಹುರುಪೆ ಕಾಣಿಸಿಕೊಂಡಿತು. ಅಷ್ಟರಲ್ಲಿ ಅಫೈಟಿಸ್ ಕ್ರೈಸೊಂಫಾಲಿ ಎಂಬ ಕಣಜ ಯಾರೂ ಕರೆಯದೆ ಬಂದು ಕರಾವಳಿಯಲ್ಲಿ ನೆಲೆಸಿತ್ತು. ಕೆಲಸ ಸಾಲದು ಎಂದು 1947ರಲ್ಲಿ ದಕ್ಷಿಣ ಚೀನಾದಿಂದ ಅಫೈಟಿಸ್ ಲಿಂಗ್ನಾನೆನ್ಸಿಸ್ ತರಿಸಿದರು. ಅದು ಹತ್ತು ಹನ್ನೆರಡು ವರ್ಷಗಳಲ್ಲಿ ಹಳೆಯ ಕಣಜವನ್ನು ಬಹುಪಾಲು ಕಡೆ ಹೊರದಬ್ಬಿತು.

ಆದರೆ ರಿವರ್‌ಸೈಡ್, ಸ್ಯಾನ್ ಬರ್ನಾರ್ಡಿನೋ ಕಡೆಯ ಒಳನಾಡಿನಲ್ಲಿ ಲಿಂಗ್ನಾನೆನ್ಸಿಸ್ ಪ್ರತಿ ಚಳಿಗಾಲದಲ್ಲಿ ಕುಸಿಯುತ್ತಿತ್ತು. ಕೀಟತಜ್ಞ ಪಾಲ್ ಡಿಬ್ಯಾಕ್ ಮತ್ತು ಜೊತೆಗಾರರು ಹವೆಯನ್ನೇ ಹಿಡಿದು ಪರೀಕ್ಷೆ ಮಾಡಿದರು. ಚಳಿ ಕಣಜದ ಮರಿಗಳನ್ನು ಕೊಲ್ಲುತ್ತಿತ್ತು. ಬದುಕುಳಿದ ದೊಡ್ಡವುಗಳಲ್ಲೂ ಸಂತಾನ ಶಕ್ತಿ ಕುಗ್ಗುತ್ತಿತ್ತು. ಬೇಸಿಗೆಯ ಒಣ ಬಿಸಿಲು ಉಳಿದದ್ದನ್ನು ಮುಗಿಸುತ್ತಿತ್ತು. ಹುರುಪೆ ಮಾತ್ರ ಎರಡನ್ನೂ ತಾಳಿಕೊಂಡು ವಸಂತದಲ್ಲಿ ಮತ್ತೆ ಏರುತ್ತಿತ್ತು. ಕಣಜ ಹಿಂದಿನಿಂದ ಓಡಿ ಹಿಡಿಯುವಷ್ಟರಲ್ಲಿ ಹಣ್ಣಿನ ಮೇಲೆ ಕಲೆ ಬಿದ್ದಾಗಿರುತ್ತಿತ್ತು.

ಆಗ ಅವರು ಸರಿಯಾದ ಪ್ರಶ್ನೆ ಕೇಳಿದರು. ಸುಡುವ ಬೇಸಿಗೆ, ಕೊರೆಯುವ ಚಳಿ ಎರಡೂ ಇರುವ ಊರಿನಲ್ಲಿ ಈ ಹುರುಪೆಯನ್ನು ತಿನ್ನುವುದು ಯಾವುದು? ಉತ್ತರ ಸಿಕ್ಕಿದ್ದು ಭಾರತ ಮತ್ತು ಪಾಕಿಸ್ತಾನದಲ್ಲಿ. 1956–57ರಲ್ಲಿ ತಂದು ಬಿಟ್ಟ ಆ ಕಣಜಕ್ಕೆ 1959ರಲ್ಲಿ ಅಫೈಟಿಸ್ ಮೆಲಿನಸ್ ಎಂದು ಡಿಬ್ಯಾಕ್ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಒಳನಾಡಿನಿಂದ ಲಿಂಗ್ನಾನೆನ್ಸಿಸ್ ಕಾಲು ಕಿತ್ತಿತು. ಹಿತವಾದ ಕರಾವಳಿ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಹವೆಯೊಂದೇ ಕಾರಣವಲ್ಲ ಎಂಬುದು 1985ರಲ್ಲಿ ಸ್ಪಷ್ಟವಾಯಿತು. ಹೆಣ್ಣು ಮರಿಯಾಗುವ ಮೊಟ್ಟೆ ಇಡಲು ಮೆಲಿನಸ್‌ಗೆ 0.39 ಚದರ ಮಿಲಿಮೀಟರ್ ಮೈಯಿರುವ ಹುರುಪೆ ಸಾಕು, ಲಿಂಗ್ನಾನೆನ್ಸಿಸ್‌ಗೆ 0.55 ಬೇಕು ಎಂದು ಕೀಟತಜ್ಞರಾದ ರಾಬರ್ಟ್ ಲಕ್ ಮತ್ತು ಪೊಡೋಲರ್ ತೋರಿಸಿದರು. ಹುರುಪೆ 0.55ಕ್ಕೆ ಬೆಳೆಯುವ ಮೊದಲೇ ಮೆಲಿನಸ್ ಅದನ್ನು ಹಿಡಿದಿರುತ್ತದೆ. ಅಳತೆಗಿಂತ ಚಿಕ್ಕ ಹುರುಪೆಯ ಮೇಲೆ ಗಂಡು ಮೊಟ್ಟೆ ಬೀಳುತ್ತದೆ, ಗಂಡು ಕಣಜ ತೋಟಗಾರನ ಉಪಯೋಗಕ್ಕೆ ಬರುವುದಿಲ್ಲ.

ಕಣಿವೆಯ ಕಷ್ಟ

ಸ್ಯಾನ್ ಹೊಕೀನ್ ಕಣಿವೆಯಲ್ಲಿ ಮೆಲಿನಸ್ ಕೂಡ ಮೊದಲಿಗೆ ಮುಗ್ಗರಿಸಿತು. ಅಲ್ಲಿ ಮಂಜು ಕವಿದ ಚಳಿಗಾಲ. ಎಳೆಯ ಹಂತದ ಹುರುಪೆಗಳು ಹೆಚ್ಚಾಗಿ ಸಾಯುತ್ತವೆ, ಉಳಿದವು ಹೆಚ್ಚುಕಡಿಮೆ ಒಂದೇ ವಯಸ್ಸಿನವು. ದಕ್ಷಿಣದಲ್ಲಿ ವರ್ಷವಿಡೀ ಎಲ್ಲ ಹಂತಗಳೂ ಬೆರೆತಿರುವುದರಿಂದ ಕಣಜಕ್ಕೆ ಎಂದೂ ಬೇಟೆ ಸಿಗುತ್ತದೆ. ಕಣಿವೆಯಲ್ಲಿ ಮಾರ್ಚ್–ಏಪ್ರಿಲ್‌ನಲ್ಲಿ ಗಂಡುಗಳು ಒಮ್ಮೆಲೇ ಹಾರಿ, ಮೂರನೆಯ ಹಂತದ ಹೆಣ್ಣುಗಳು ಒಟ್ಟಿಗೆ ಕೂಡಿ, ಎಲ್ಲವುಗಳ ಚಿಪ್ಪೂ ಅಂಟಿಕೊಳ್ಳುತ್ತದೆ. ಆಮೇಲೆ ಹೊಸ ಮರಿಗಳು ಬೆಳೆದು ಮೂರನೆಯ ಹಂತಕ್ಕೆ ಬರುವವರೆಗೆ ಕಣಜಕ್ಕೆ ಉಪವಾಸ. ಮೆಲಿನಸ್‌ನ ಒಂದು ಪೀಳಿಗೆ 10ರಿಂದ 20 ದಿನ. ಹುರುಪೆಯ ಒಂದು ಪೀಳಿಗೆಯೊಳಗೆ ತಾನು ಎರಡು ಮೂರು ಪೀಳಿಗೆ ಮುಗಿಸುವುದೇ ಅದರ ಬಲ. ಬೇಟೆ ಇಲ್ಲದ ವಾರಗಳಲ್ಲಿ ಆ ಬಲ ವ್ಯರ್ಥ.

ಬೇಸಿಗೆಯಲ್ಲಿ ಇನ್ನೊಂದು ಪೆಟ್ಟು. ಬಿಸಿಲು ಏರಿದಂತೆ ಹುರುಪೆ ಬೇಗ ಬೆಳೆಯುತ್ತದೆ, ಆದರೆ ಮೈ ಚಿಕ್ಕದಾಗುತ್ತದೆ. ಕಡ್ಡಿಯ ಮೇಲಿನದು ಹಣ್ಣಿನ ಮೇಲಿನದಕ್ಕಿಂತ ಮೊದಲೇ ಸಣ್ಣದು. ಹಾಗಾಗಿ 0.39ರ ಗೆರೆ ದಾಟುವ ಹುರುಪೆಗಳು ಕಡಿಮೆಯಾಗಿ, ಕಣಜದ ಸಂತಾನದಲ್ಲಿ ಗಂಡುಗಳೇ ತುಂಬುತ್ತವೆ. ತೋಟದಲ್ಲಿ ಕಣಜ ಇದೆ, ಆದರೂ ಹುರುಪೆ ಇಳಿಯುತ್ತಿಲ್ಲ ಎಂಬ ಒಗಟಿಗೆ ಇದೊಂದು ಉತ್ತರ. ಅತಿಯಾದ ಒಣ ಬಿಸಿಲು ತೆವಳುವ ಮರಿಗಳನ್ನೂ ಬಿಳಿ ಟೋಪಿ ಹಂತವನ್ನೂ ಒಣಗಿಸಿ ಕೊಲ್ಲುವುದು ನಿಜ, ಆದರೆ ಅದು ಮರದ ಹೊರಮೈಯಲ್ಲಿ. ಒಳಗಿನ ನೆರಳಿನ ಕಡ್ಡಿಗಳಲ್ಲಿ ಬೀಜಕ್ಕೆ ಬೇಕಾದಷ್ಟು ಉಳಿದಿರುತ್ತದೆ. ಬೇಸಿಗೆಯ ಕೊನೆಯಲ್ಲಿ ಮರಕ್ಕೆ ನೀರಿನ ಕೊರತೆ ಸೇರಿದರೆ ಎಲೆ ಹಳದಿಯಾಗಿ ಉದುರುವುದು, ಕಡ್ಡಿ ತುದಿಯಿಂದ ಒಣಗುತ್ತ ಬರುವುದು ಆಗಲೇ.

ಅಲ್ಲಿ ಕಂಡುಕೊಂಡ ದಾರಿ, ಕಣಜವನ್ನು ಹವೆಗೆ ಬಿಟ್ಟು ಕೂರದೆ ಹೊರಗಿನಿಂದ ತುಂಬುವುದು. ಸಿಹಿಗುಂಬಳದ ಮೇಲೆ ಬೇರೊಂದು ಜಾತಿಯ, ಕಣಗಿಲೆ ಶಲ್ಕ ಕೀಟವನ್ನು ಬೆಳೆಸಿ, ಅದರ ಮೇಲೆ ಮೆಲಿನಸ್ ಸಾಕುತ್ತಾರೆ. ಗಂಡು ಹುರುಪೆ ಹಾರುವ ಮೊದಲೇ, ಚಳಿಗಾಲ ದಾಟಿದ ಮೂರನೆಯ ಹಂತದ ಹೆಣ್ಣುಗಳು ತೆರೆದಿರುವಾಗಲೇ ಬಿಡಲು ಶುರು. ಎರಡು ವಾರಕ್ಕೊಮ್ಮೆ ಎಕರೆಗೆ ಸುಮಾರು 5,000. ವರ್ಷಕ್ಕೆ ಒಟ್ಟು 60,000ದಿಂದ 1,00,000. ಬಿಡುವ ಮೊದಲು ಜೇನುತುಪ್ಪದ ಗೆರೆ ನೆಕ್ಕಿಸುತ್ತಾರೆ. ಹೊಟ್ಟೆ ತುಂಬಿದ ಹೆಣ್ಣು ಮೂರು ನಾಲ್ಕು ವಾರ ಬದುಕುತ್ತದೆ, ಹಸಿದದ್ದು ಬೇಗ ಸಾಯುತ್ತದೆ. ಬಿಡುವುದು ತಂಪು ಹೊತ್ತಿನಲ್ಲಿ, ತೋಟದುದ್ದಕ್ಕೂ ಹಂಚಿ. ನಡು ಮಧ್ಯಾಹ್ನ ಗೇಟಿನ ಪಕ್ಕದ ಒಂದೇ ಮರಕ್ಕೆ ಸುರಿದರೆ ದುಡ್ಡು ದಂಡ.

ದಿನಗಳ ಲೆಕ್ಕವಲ್ಲ, ಬಿಸಿಯ ಲೆಕ್ಕ

ಈ ಹುರುಪೆ 11.7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳೆಯುವುದಿಲ್ಲ. ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಅರ್ಧ ಮಾಡಿ, 11.7 ಕಳೆದರೆ ಆ ದಿನ ಅದಕ್ಕೆ ಸಿಕ್ಕ ಬಿಸಿ ಎಷ್ಟೆಂದು ಬರುತ್ತದೆ. ಹೀಗೆ ಕೂಡುತ್ತ ಹೋಗಿ 611 ಆದಾಗ ಒಂದು ಪೀಳಿಗೆ ಮುಗಿಯುತ್ತದೆ. ವರ್ಷದ ಮೊದಲ ಗಂಡುಗಳು ಬಲೆಗೆ ಬಿದ್ದ ದಿನದಿಂದ ಎಣಿಸಿದರೆ ಸುಮಾರು 306ಕ್ಕೆ ಹೊಸ ಮರಿಗಳು ಹೊರಬರುತ್ತವೆ.

ಕಣಿವೆಯಲ್ಲಿ ಗರಿಷ್ಠ 37, ಕನಿಷ್ಠ 19 ಇರುವ ಜುಲೈ ದಿನ ಎಂದುಕೊಳ್ಳಿ. ಸರಾಸರಿ 28, ಸಿಕ್ಕಿದ್ದು 16.3. ಅದೇ ಹವೆ ನಿಂತರೆ 37–38 ದಿನಕ್ಕೆ ಒಂದು ಪೀಳಿಗೆ. ಕರಾವಳಿಯಲ್ಲಿ ಅದೇ ಹೊತ್ತಿಗೆ 24 ಮತ್ತು 15 ಇದ್ದರೆ ದಿನಕ್ಕೆ 7.8 ಮಾತ್ರ, ಪೀಳಿಗೆಗೆ 78 ದಿನ. ತಾರೀಖು ನೋಡಿ ಸಿಂಪಡಿಸುವವರು ಎಡವುವುದು ಇಲ್ಲೇ. ಹಿಂದಿನ ವರ್ಷದ ತಾರೀಖಿಗೆ ಸಿಂಪಡಿಸಿದರೆ, ವಸಂತ ತಂಪಾಗಿದ್ದ ವರ್ಷ ಮರಿಗಳು ಇನ್ನೂ ತಾಯಿಯ ಚಿಪ್ಪಿನಡಿಯೇ ಇರುತ್ತವೆ. ಔಷಧ ಚಿಪ್ಪಿನ ಮೇಲೆ ಒಣಗುತ್ತದೆ.

ಬಲೆ ಎಂದರೆ ಕೈಯಗಲದ ಜಿಗುಟು ಕಾರ್ಡು, ನಡುವೆ ಗಂಡನ್ನು ಸೆಳೆಯಲು ಹೆಣ್ಣಿನ ವಾಸನೆ ತುಂಬಿದ ತುಂಡು, ಅಂದರೆ ಲ್ಯೂರ್. ಹತ್ತು ಎಕರೆಗೆ ನಾಲ್ಕು, ಎದೆಯಿಂದ ತಲೆಯೆತ್ತರದಲ್ಲಿ, ಕೊಂಬೆಯ ಹೊರ ಅಂಚಿನಿಂದ ಸ್ವಲ್ಪ ಒಳಗೆ, ಈಶಾನ್ಯ ಮಗ್ಗುಲಲ್ಲಿ. ನೇರ ಬಿಸಿಲಿಗೆ ಇಟ್ಟರೆ ವಾಸನೆ ಬೇಗ ಆರುತ್ತದೆ. ಲ್ಯೂರ್ ತಿಂಗಳಿಗೊಮ್ಮೆ ಬದಲು. ಮರಿಗಳಿಗೆ ಬೇರೆ ಉಪಾಯ: ಹುರುಪೆ ಕೂತ ಒಂದು ವರ್ಷದ ಕಡ್ಡಿಗೆ ಎರಡೂ ಬದಿ ಅಂಟುವ ಪಾರದರ್ಶಕ ಟೇಪ್ ಸುತ್ತಿ ವಾರಕ್ಕೊಮ್ಮೆ ಬಿಚ್ಚಿ ಬದಲಿಸುವುದು. ಟೇಪಿನ ಮೇಲೆ ಹಳದಿ ಚುಕ್ಕೆಗಳು ಒಮ್ಮೆಲೇ ಹೆಚ್ಚಾದ ವಾರವೇ ಎಣ್ಣೆ ಸಿಂಪಡಣೆಯ ವಾರ. ಲೆಕ್ಕ ಮತ್ತು ಟೇಪ್ ಬೇರೆ ಬೇರೆ ಹೇಳಿದರೆ ಟೇಪನ್ನು ನಂಬಿ.

ದೂಳು, ಇರುವೆ, ಔಷಧ

ಹವೆ ನಮ್ಮ ಕೈಯಲ್ಲಿಲ್ಲ, ಆದರೆ ಇವು ಮೂರೂ ನಮ್ಮ ಕೈಯಲ್ಲಿವೆ. ಡಿಬ್ಯಾಕ್ ಬೇಕೆಂದೇ ಮರಗಳಿಗೆ ದೂಳು ಎರಚಿಸಿ ನೋಡಿದರು, ಹುರುಪೆ ಏರಿತು. ಡಿಡಿಟಿಯನ್ನು ತೆಳುವಾಗಿ ಹೊಡೆಸಿ ನೋಡಿದರು, ಇನ್ನೂ ಏರಿತು. ಎರಡರಲ್ಲೂ ಸತ್ತದ್ದು ಕಣಜ. ದೂಳು ಹಿಡಿದ ಎಲೆಯ ಮೇಲೆ ಕಣಜ ನಾಲ್ಕು ಹೆಜ್ಜೆ ಇಟ್ಟು ನಿಂತು ಕಾಲು, ಮೀಸೆ ಒರೆಸಿಕೊಳ್ಳುತ್ತದೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಒರೆಸಾಟ. ಹುಡುಕುವ ಹೊತ್ತು ಅಲ್ಲೇ ಕಳೆಯುತ್ತದೆ, ದೂಳು ಉಜ್ಜಿ ಮೈಯ ಮೇಣ ಹೋಗಿ ನೀರಾರಿ ಸಾಯುತ್ತದೆ. ಮಣ್ಣು ರಸ್ತೆಯ ಪಕ್ಕದ ಸಾಲುಗಳಲ್ಲೇ ಹುರುಪೆ ಹೆಚ್ಚು ಇರುವುದರ ಗುಟ್ಟು ಇದು. ಬೇಸಿಗೆಯಲ್ಲಿ ತೋಟದ ದಾರಿಗೆ ಟ್ಯಾಂಕರ್ ನೀರು ಹಾಕುವುದು, ಗಾಡಿಗಳ ವೇಗ ಇಳಿಸುವುದು, ಅಂಚಿನ ಸಾಲುಗಳ ಎಲೆಯನ್ನು ಬರೀ ನೀರಿನಿಂದ ತೊಳೆಯುವುದು ಔಷಧಕ್ಕಿಂತ ಅಗ್ಗ, ಔಷಧಕ್ಕಿಂತ ಹೆಚ್ಚು ಫಲ.

ಇರುವೆಯ ವಿಷಯದಲ್ಲಿ ಒಂದು ಗೊಂದಲ ಇದೆ. ಕೆಂಪು ಶಲ್ಕ ಕೀಟ ಸಿಹಿಅಂಟು ಸುರಿಸುವುದಿಲ್ಲ, ಹಾಗಾದರೆ ಇರುವೆಗೇನು ಕೆಲಸ? ಅದೇ ಮರದಲ್ಲಿ ಹಿಟ್ಟು ತಿಗಣೆ, ಸಸ್ಯಹೇನು, ಮೆತ್ತನೆ ಶಲ್ಕ ಕೀಟ ಇದ್ದರೆ ಅವುಗಳ ಸಿಹಿಗೆ ಇರುವೆ ಬರುತ್ತದೆ, ಬಂದ ದಾರಿಯಲ್ಲಿ ಸಿಕ್ಕ ಕಣಜವನ್ನೆಲ್ಲ ಓಡಿಸುತ್ತದೆ. ಒಂದು ಚಿಪ್ಪಿನ ಅಗಲ ಅಳೆದು, ಕೊರೆದು, ಮೊಟ್ಟೆ ಇಡಲು ಕಣಜಕ್ಕೆ ಕೆಲವು ನಿಮಿಷ ನೆಮ್ಮದಿ ಬೇಕು. ನೆಲಕ್ಕೆ ತಾಗುವ ಕೊಂಬೆಗಳನ್ನು ಎರಡೂವರೆ ಅಡಿ ಎತ್ತರಕ್ಕೆ ಸವರಿ, ಕಾಂಡಕ್ಕೆ ಪಟ್ಟಿ ಸುತ್ತಿ, ಅದರ ಮೇಲೆ ಅಂಟು ಬಳಿಯಿರಿ. ತೊಗಟೆಗೇ ಬಳಿದರೆ ತೊಗಟೆ ಬೇಯುತ್ತದೆ. ಕಳೆಯ ಒಂದು ಕಡ್ಡಿ ಕೊಂಬೆಗೆ ತಾಗಿದರೂ ಅಂಟು ದಂಡ, ಇರುವೆಗೆ ಅದೇ ಸೇತುವೆ. ನಿಧಾನದ ವಿಷಕ್ಕೆ ಶೇ. 25ರ ಸಕ್ಕರೆ ನೀರಿನಲ್ಲಿ ಶೇ. 0.5ರಿಂದ 1ರಷ್ಟು ಬೋರಿಕ್ ಆಮ್ಲ. ಇದಕ್ಕಿಂತ ಗಟ್ಟಿ ಮಾಡಿದರೆ ಇರುವೆ ಗೂಡಿಗೆ ಒಯ್ಯುವ ಮೊದಲೇ ಸಾಯುತ್ತದೆ, ಗೂಡು ಉಳಿಯುತ್ತದೆ.

ಎಣ್ಣೆ ಕೊಲ್ಲುವುದು ಉಸಿರು ಕಟ್ಟಿಸಿ. ಆದ್ದರಿಂದ ತಾಗಿದಲ್ಲಿ ಮಾತ್ರ ಫಲ. ತೋಟಗಾರಿಕೆಗೆಂದೇ ಬರುವ ಖನಿಜ ಎಣ್ಣೆ ಲೀಟರಿಗೆ 10ರಿಂದ 15 ಮಿಲಿ, ಒಳಗಿನ ಕಡ್ಡಿಗಳು ತೊಯ್ದು ತೊಟ್ಟಿಕ್ಕುವಷ್ಟು ನೀರು. ಹಿಂದಿನ ದಿನ ಮರಕ್ಕೆ ನೀರು ಕೊಟ್ಟಿರಬೇಕು. ಬಿಸಿಲು 35 ಡಿಗ್ರಿ ದಾಟುವ ದಿನ, ಗಾಳಿಯ ತೇವ ಶೇ. 20ಕ್ಕಿಂತ ಇಳಿದ ದಿನ ಎಣ್ಣೆ ಮುಟ್ಟಬೇಡಿ. ಎಲೆ ಸುಟ್ಟು ಉದುರುತ್ತದೆ. ಗಂಧಕ ಹೊಡೆದ ಹೊಸತರಲ್ಲೂ ಬೇಡ. ಎಣ್ಣೆ ಒಣಗಿದ ಮೇಲೆ ಬಂದ ಕಣಜಕ್ಕೆ ತೊಂದರೆಯಿಲ್ಲ ಎಂಬುದೇ ಅದರ ದೊಡ್ಡ ಗುಣ.

ಬೇರೆ ಔಷಧಗಳ ಗತಿಯೂ ಆ ಕಣಿವೆಯಲ್ಲೇ ಕಂಡಿತು. 1990ರ ಹೊತ್ತಿಗೆ ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಗುಂಪಿನ ಔಷಧಗಳಿಗೆ ಹುರುಪೆ ಬಗ್ಗದಾಯಿತು. 1998ರಲ್ಲಿ ಪೈರಿಪ್ರಾಕ್ಸಿಫೆನ್, ಬುಪ್ರೊಫೆಜಿನ್ ಬಂದವು. ಕೆಂಪು ಹುರುಪೆ ಇಳಿಯಿತು. ಆದರೆ ಅವು ವೆಡಾಲಿಯಾ ಗುಲಗಂಜಿ ಹುಳದ ಮರಿಗಳನ್ನು ಬೆಳೆಯಲು ಬಿಡಲಿಲ್ಲ. ಆ ಹುಳ 1888–89ರಲ್ಲಿ ಆಸ್ಟ್ರೇಲಿಯಾದಿಂದ ಬಂದು ಹತ್ತಿಯಂಥ ಬಿಳಿ ಶಲ್ಕ ಕೀಟವನ್ನು ನೂರು ವರ್ಷ ಅದುಮಿಟ್ಟಿತ್ತು. ಅದು ಇಲ್ಲವಾದ ತೋಟಗಳಲ್ಲಿ ಬಿಳಿ ಶಲ್ಕ ಕೀಟ ಮತ್ತೆ ಎದ್ದಿತು. ಹೊಸ ಔಷಧದ ಡಬ್ಬಿಯ ಮೇಲೆ ಕಣಜಕ್ಕೆ ಸುರಕ್ಷಿತ ಎಂದಿದ್ದರೆ, ಗುಲಗಂಜಿ ಹುಳಕ್ಕೂ ಸುರಕ್ಷಿತವೇ ಎಂದು ಕೇಳಬೇಕಾದ್ದು ಅದಕ್ಕೇ.

ಕರ್ನಾಟಕದ ತೋಟಕ್ಕೆ ತಂದಾಗ

ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ತೋಟದಲ್ಲಿ ಚಳಿಗಾಲದ ಸರಾಸರಿ ಕನಿಷ್ಠ ಉಷ್ಣಾಂಶವೂ 11.7ರ ಗೆರೆಗಿಂತ ಮೇಲೇ ಇರುತ್ತದೆ. ಅಂದರೆ ಹುರುಪೆಗೆ ವಿಶ್ರಾಂತಿ ಇಲ್ಲ, ಎಲ್ಲ ಹಂತಗಳೂ ಬೆರೆತೇ ಇರುತ್ತವೆ. ಹೀಗಿರುವಾಗ ಮರಿಗಳ ಒಂದು ದೊಡ್ಡ ಅಲೆ ಹಿಡಿದು ಹೊಡೆಯುವ ಅವಕಾಶ ಕಡಿಮೆ, ಆದರೆ ಕಣಜಕ್ಕೆ ವರ್ಷವಿಡೀ ಬೇಟೆ. ಇಂಥ ತೋಟದಲ್ಲಿ ಒಂದು ಗಡಸು ಔಷಧದಿಂದ ಆಗುವ ನಷ್ಟ ಕ್ಯಾಲಿಫೋರ್ನಿಯಾ ಕಣಿವೆಯದಕ್ಕಿಂತ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಬಿಸಿಯ ಲೆಕ್ಕವನ್ನು ಏಪ್ರಿಲ್–ಮೇ ತಿಂಗಳಿಗೆ ಹಾಗೆಯೇ ಹಚ್ಚಬೇಡಿ. ಗರಿಷ್ಠ 40ರ ಆಸುಪಾಸಿದ್ದಾಗ ಬೆಳವಣಿಗೆ ಲೆಕ್ಕದಷ್ಟು ಓಡುವುದಿಲ್ಲ. ಟೇಪ್ ಸುತ್ತಿ ನೋಡುವುದೊಂದೇ ದಾರಿ. ಎಣ್ಣೆಗೂ ಆ ತಿಂಗಳು ಸಲ್ಲದು.

ಸಿಂಪಡಿಸುವ ಮುನ್ನ ಹಣ್ಣಿನ ಮೇಲಿನ 100, ಕಡ್ಡಿಯ ಮೇಲಿನ 100 ಮೂರನೆಯ ಹಂತದ ಹುರುಪೆಗಳನ್ನು ಸೂಜಿಯಿಂದ ತಿರುವಿ ಎಣಿಸಿ. ಕಿತ್ತಳೆ ಬಣ್ಣದ ದುಂಡು ಮೈ ಇದ್ದರೆ ಹುಳ ಜೀವಂತ. ಮೈ ಚಪ್ಪಟೆಯಾಗಿ, ಪಕ್ಕದಲ್ಲಿ ಉದ್ದನೆಯ ಕೋಶವೂ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಹಿಕ್ಕೆಗಳೂ ಕಂಡರೆ ಅದು ಅಫೈಟಿಸ್‌ನ ಕೆಲಸ. ಚಿಪ್ಪಿನಲ್ಲಿ ದುಂಡು ತೂತು ಇದ್ದರೆ ಕಣಜ ಆಗಲೇ ಹೊರಟಿದೆ. ಅಂಥ ಹಳೆಯ ಚಿಪ್ಪುಗಳು ತಿಂಗಳುಗಟ್ಟಲೆ ಅಂಟಿಕೊಂಡಿರುತ್ತವೆ, ಅವನ್ನು ಎಣಿಕೆಗೆ ಸೇರಿಸಬೇಡಿ. ಹಣ್ಣಿನ ಮೇಲೆ ಕೋಶಗಳು ಹೇರಳವಾಗಿದ್ದು ಕಡ್ಡಿಯ ಮೇಲೆ ಬಹುತೇಕ ಇಲ್ಲದಿದ್ದರೆ, ಕಣಜ ಇದೆ, ಆದರೆ ಒಳಗಿನ ಕಡ್ಡಿಗೆ ಅದು ಸರಿಯಾಗಿ ಮುಟ್ಟುತ್ತಿಲ್ಲ ಎಂದು ಅರ್ಥ. ಮೊದಲು ಇರುವೆಯ ಸಾಲು, ಆಮೇಲೆ ದೂಳು ಹುಡುಕಿ; ಎರಡು ವಾರ ಬಿಟ್ಟು ಅದೇ ಮರದಲ್ಲಿ ಮತ್ತೆ ಎಣಿಸಿ.